ಒಂದು ವಾರದ ಪಡಿತರ, ಒಂದೇ ತಟ್ಟೆಯಲ್ಲಿ

ಬ್ರಿಟನ್ನಿನಲ್ಲಿ ಎರಡನೆಯ ಮಹಾಯುದ್ಧದ ಕಾಲದ ಜನಜೀವನವನ್ನು ಜನರೆದುರು ಮರುರೂಪಿಸಿ ತೋರಿಸುವ ಸ್ವಯಂಸೇವಕರ ತಂಡವೊಂದರಲ್ಲಿ ಎರಡು ವರ್ಷಗಳಿಂದ ದುಡಿಯುತ್ತಿದ್ದೇನೆ. ಸೇರುವಾಗ ನನ್ನ ಆಸೆಯೆಲ್ಲ ಸಮವಸ್ತ್ರದ ಮೇಲಿತ್ತು. ನನ್ನ ಪಾಲಿಗೆ ಬಂದದ್ದು ಅಡುಗೆಮನೆಯ ಮೇಜು. ಈಗ ಅದನ್ನು ಬೇರೆಯವರಿಗೆ ಬಿಟ್ಟುಕೊಡಲು ಮನಸ್ಸಿಲ್ಲ.

ಆ ಮೇಜಿನ ಮೇಲೆ ವಯಸ್ಕರೊಬ್ಬರಿಗೆ ವಾರಕ್ಕೆ ಸಿಗುತ್ತಿದ್ದ ಪಡಿತರವನ್ನು ತೂಗಿ ಇಡುತ್ತೇನೆ. ಯುದ್ಧದ ಬೇರೆ ಬೇರೆ ಹಂತಗಳಲ್ಲಿ ಪ್ರಮಾಣ ಹೆಚ್ಚು ಕಡಿಮೆಯಾಗುತ್ತಿತ್ತಾದರೂ ಸಾಮಾನ್ಯವಾಗಿ ಬೆಣ್ಣೆ 2 ಔನ್ಸ್, ಅಂದರೆ ಸುಮಾರು 57 ಗ್ರಾಂ, ಚಹಾಪುಡಿಯೂ ಅಷ್ಟೇ, ಸಕ್ಕರೆ 8 ಔನ್ಸ್, ಮೊಟ್ಟೆ ಸಿಕ್ಕಿದರೆ ಒಂದು. ನೋಡಲು ಬರುವ ಮಕ್ಕಳು ಇದು ಒಂದು ಹೊತ್ತಿನದೆಂದೇ ತಿಳಿಯುತ್ತಾರೆ. ಏಳು ದಿನಗಳದ್ದು ಎಂದಾಗ ಬೆಣ್ಣೆಯ ತುಂಡನ್ನು ಬಗ್ಗಿ ನೋಡಿ, ಬೆರಳಿನಿಂದ ಗಾಳಿಯಲ್ಲೇ ಅದನ್ನು ಏಳು ಭಾಗ ಮಾಡುತ್ತಾರೆ. 1940ರ ಜನವರಿ 8ರಂದು ಆರಂಭವಾದ ಈ ಆಹಾರ ಪಡಿತರ ಪೂರ್ತಿಯಾಗಿ ಕೊನೆಗೊಂಡದ್ದು 1954ರ ಜುಲೈಯಲ್ಲಿ, ಯುದ್ಧ ಮುಗಿದು ಒಂಬತ್ತು ವರ್ಷಗಳಾದ ಮೇಲೆ ಎಂಬುದು ದೊಡ್ಡವರಲ್ಲಿಯೂ ಅನೇಕರಿಗೆ ತಿಳಿದಿರುವುದಿಲ್ಲ.

ಪಕ್ಕದಲ್ಲೇ ಗ್ಯಾಸ್ ಮಾಸ್ಕ್ ಇದೆ, ಗಾಜಿನ ಪೆಟ್ಟಿಗೆಯೊಳಗೆ. ಹಾಕಿಕೊಳ್ಳಲು ಎಲ್ಲರೂ ಕೇಳುತ್ತಾರೆ, ಯಾರಿಗೂ ಕೊಡುವುದಿಲ್ಲ. ಆ ಕಾಲದ ಮಾಸ್ಕ್‌ಗಳ ಶೋಧಕಗಳಲ್ಲಿ, ಉಸಿರಿನೊಂದಿಗೆ ಒಳಹೋದರೆ ಶ್ವಾಸಕೋಶಕ್ಕೆ ಹಾನಿ ಮಾಡುವ ಆಸ್ಬೆಸ್ಟಾಸ್ ಎಂಬ ನಾರಿನಂಥ ಖನಿಜ ಇರುತ್ತಿತ್ತು. ಮಾಸ್ಕನ್ನು ಇಟ್ಟುಕೊಂಡು ಹೋಗುತ್ತಿದ್ದಂಥ ರಟ್ಟಿನ ಡಬ್ಬಿಯೊಂದನ್ನು ಹೊಸದಾಗಿ ಮಾಡಿ ಹೊರಗಿಟ್ಟಿದ್ದೇವೆ, ಅದನ್ನು ಮುಟ್ಟಬಹುದು. ಕಳೆದ ಬೇಸಿಗೆಯಲ್ಲಿ ಬಂದಿದ್ದ, ತೊಂಬತ್ತು ದಾಟಿದ್ದ ಅಜ್ಜಿಯೊಬ್ಬರು ಆ ಡಬ್ಬಿಯ ದಾರವನ್ನು ಕೈಗೆತ್ತಿಕೊಂಡು, ಇದು ತೀರಾ ಉದ್ದವಾಯಿತು ಎಂದರು. 1939ರ ಸೆಪ್ಟೆಂಬರಿನಲ್ಲಿ ಬಾಂಬ್ ದಾಳಿಯ ಭಯದಿಂದ ನಗರಗಳಿಂದ ಹಳ್ಳಿಗಳಿಗೆ ಕಳುಹಿಸಲಾದ ಲಕ್ಷಾಂತರ ಮಕ್ಕಳಲ್ಲಿ ಅವರೂ ಒಬ್ಬರು. ಡಬ್ಬಿ ಮೊಣಕಾಲಿಗೆ ಬಡಿಯದಿರಲೆಂದು ಅವರ ತಾಯಿ ದಾರಕ್ಕೆ ಗಂಟು ಹಾಕಿ ಗಿಡ್ಡ ಮಾಡಿದ್ದರಂತೆ, ಆ ಗಂಟು ದಾರಿಯುದ್ದಕ್ಕೂ ಕತ್ತನ್ನು ಉಜ್ಜುತ್ತಿತ್ತಂತೆ. ಹೇಳುತ್ತಲೇ ಅಂಥದೇ ಗಂಟೊಂದನ್ನು ಹಾಕಿಕೊಟ್ಟರು. ಅದನ್ನು ನಾವು ಇಂದಿಗೂ ಬಿಚ್ಚಿಲ್ಲ.

ಅವರಂಥವರು ನೋಡಲು ಬರುತ್ತಾರೆ ಎಂಬ ಕಾರಣಕ್ಕೇ ನಮ್ಮಲ್ಲಿ ಯಾರೂ ತಾವು ಗಳಿಸದ ಪದಕವನ್ನು ಎದೆಗೆ ಸಿಕ್ಕಿಸಿಕೊಳ್ಳುವುದಿಲ್ಲ. ಸಾವುನೋವುಗಳ ದೃಶ್ಯವನ್ನು ಅಭಿನಯಿಸುವುದೂ ಇಲ್ಲ, ಮತ್ತು ಈ ನಿಯಮ ಸಡಿಲವಾಗಬಾರದೆಂದೇ ನನ್ನ ಅಭಿಪ್ರಾಯ.

ನಮ್ಮ ಪ್ರದರ್ಶನದಲ್ಲಿರುವ ದೊಡ್ಡ ಕೊರತೆಯೆಂದರೆ ಭಾರತೀಯರು ಇಲ್ಲದಿರುವುದು. ಆ ಯುದ್ಧದಲ್ಲಿ ಭಾರತದ ಸೇನೆ ಸುಮಾರು 25 ಲಕ್ಷಕ್ಕೆ ಬೆಳೆದಿತ್ತು. ಅದರ ಸಾಮಾನು ಸಾಗಿಸುವ ಹೇಸರಗತ್ತೆ ದಳಗಳು ಫ್ರಾನ್ಸಿಗೆ ಹೋಗಿ, 1940ರಲ್ಲಿ ಜರ್ಮನ್ ಸೇನೆ ಮುತ್ತಿದಾಗ ಅಲ್ಲಿನ ಡನ್‌ಕರ್ಕ್ ಬಂದರಿನಿಂದ ಪಾರಾಗುವಾಗ ಪ್ರಾಣಿಗಳನ್ನು ಅಲ್ಲಿಯೇ ಬಿಟ್ಟು ಬ್ರಿಟನ್ನಿಗೆ ಬಂದು, ಕೆಲವು ವರ್ಷ ಇಲ್ಲಿಯೇ ಉಳಿದವು. ಅವರಿಗಾಗಿ ಇನ್ನೊಂದು ಮೇಜು ಹಾಕಲು ತಂಡ ಒಪ್ಪಿದೆ. ಅವರ ಊಟದ ಪಡಿತರದ ದಾಖಲೆಗಳನ್ನು ಹುಡುಕುತ್ತಿದ್ದೇನೆ. ಒಂದೊಂದು ಪದಾರ್ಥದ ತೂಕವೂ ಖಚಿತವಾಗುವವರೆಗೆ ಆ ಮೇಜಿನ ಮೇಲೆ ತಟ್ಟೆ ಇಡುವುದಿಲ್ಲ.