ನನ್ನ ಬೀಟ್‌ನಲ್ಲಿ ಒಂದು ಮ್ಯಾಗ್‌ಪೈ

ಮೆಲ್ಬರ್ನ್‌ನ ಅಂಚಿನ ಒಂದು ಬಡಾವಣೆಯಲ್ಲಿ ನಾನು ಸೈಕಲ್ ಮೇಲೆ ಕಾಗದ, ಪಾರ್ಸೆಲ್ ಹಂಚುತ್ತೇನೆ. ನಮ್ಮೂರ ಪೋಸ್ಟ್‌ಮ್ಯಾನ್‌ಗೆ ನಾಯಿ ಕಾಟ. ಇಲ್ಲಿ ನಾಯಿಗಳೆಲ್ಲ ಬೇಲಿಯೊಳಗಿರುತ್ತವೆ, ಕಾಟ ಬರುವುದು ಮೇಲಿನಿಂದ, ಮ್ಯಾಗ್‌ಪೈ ಅನ್ನುವ ಕಪ್ಪು ಬಿಳುಪು ಹಕ್ಕಿಯಿಂದ.

ಕೆಲಸಕ್ಕೆ ಸೇರಿದ ವರ್ಷದ ಸೆಪ್ಟೆಂಬರ್. ದೊಡ್ಡ ನೀಲಗಿರಿ ಮರದ ತಿರುವಿನಲ್ಲಿ ಹಿಂದಿನಿಂದ ರೆಕ್ಕೆಯ ಸದ್ದು, ಕಿವಿಯ ಪಕ್ಕದಲ್ಲೇ ಕೊಕ್ಕು ಕಟಕ್ ಅಂತು. ತಿರುಗುವಷ್ಟರಲ್ಲಿ ಹೆಲ್ಮೆಟ್‌ಗೊಂದು ಏಟು. ಕೈಯಲ್ಲಿದ್ದ ಕ್ಯಾಟಲಾಗ್ ಕಟ್ಟನ್ನೇ ಬೀಸಿದೆ. ಸೈಕಲ್ ಒಂದು ಕಡೆ, ನಾನೊಂದು ಕಡೆ, ಕಾಗದಗಳೆಲ್ಲ ಹುಲ್ಲಿನ ಮೇಲೆ.

ರಾತ್ರಿ ಅಮ್ಮನಿಗೆ ಫೋನಲ್ಲಿ ಹೇಳಿದೆ. "ಕಪ್ಪು ಹಕ್ಕಿ ತಲೆಗೆ ಬಡೀತಾ? ಮೊದ್ಲು ತಲೆಗೆ ನೀರು ಹಾಕ್ಕೋ. ಶನಿವಾರ ಎಳ್ಳೆಣ್ಣೆ ದೀಪ ಹಚ್ಚು" ಅಂದರು. ಕಾಗೆ ಅಲ್ಲಮ್ಮ ಅಂದರೂ ಕೇಳಲಿಲ್ಲ. ನಿಜಕ್ಕೂ ಅಲ್ಲ. ಯುರೋಪಿನ ಮ್ಯಾಗ್‌ಪೈ ಕಾಗೆಯ ಕುಟುಂಬದ್ದು. ಇಲ್ಲಿಗೆ ಬಂದು ನೆಲೆಸಿದ ಬಿಳಿಯರು ಕಪ್ಪು ಬಿಳುಪು ನೋಡಿ, ತಮ್ಮೂರ ಹಕ್ಕಿಯ ಹೆಸರನ್ನೇ ಇದಕ್ಕೂ ಇಟ್ಟುಬಿಟ್ಟರು, ಅಷ್ಟೇ.

ಮರುದಿನ ಡಿಪೋದಲ್ಲಿ ಹಳಬರೊಬ್ಬರು ಕೇಳಿದ್ದು ಒಂದೇ ಪ್ರಶ್ನೆ: ಕೈ ಬೀಸಿದೆಯಾ? ಹೂಂ ಅಂದೆ. ಹಾಗಾದರೆ ನಿನ್ನ ಮುಖ ಅದಕ್ಕೆ ನೆನಪಿರುತ್ತೆ ಅಂದರು. ತಮಾಷೆ ಅಂದುಕೊಂಡೆ. ಆ ವಾರವೇ ಅದೇ ಮರದ ಕೆಳಗೆ ಒಬ್ಬ ತಾಯಿ ಮಗು ಆರಾಮಾಗಿ ನಡೆದು ಹೋದರು. ಅವರ ಹಿಂದೆ ನಾನು ಬಂದೆ, ಸುಂಯ್ ಅಂತ ಎರಗಿತು. ಇವು ಮನುಷ್ಯರ ಮುಖ ಗುರುತಿಟ್ಟುಕೊಳ್ಳುತ್ತವೆ. ಬ್ರಿಸ್ಬೇನ್‌ನಲ್ಲಿ ಇವುಗಳ ಬೆನ್ನು ಹತ್ತಿದ್ದ ವಿಜ್ಞಾನಿ ಡ್ಯಾರಿಲ್ ಜೋನ್ಸ್ ಕಂಡದ್ದೂ ಹೀಗೇ: ಒಂದು ಹಕ್ಕಿಗೆ ಪೋಸ್ಟ್‌ಮ್ಯಾನ್ ಕಂಡರಾಗದು, ಇನ್ನೊಂದಕ್ಕೆ ಸೈಕಲ್ಲಿನವರು, ಮತ್ತೊಂದಕ್ಕೆ ನಡೆಯುವವರು. ನಾನು ಪೋಸ್ಟ್‌ಮ್ಯಾನೂ ಹೌದು, ಸೈಕಲ್ಲಿನವನೂ ಹೌದು!

ಆಮೇಲೆ ಊಟದ ಹೊತ್ತಲ್ಲಿ ರಸ್ತೆಯಾಚೆ ಕೂತು ನೋಡತೊಡಗಿದೆ. ಗಂಡಿನ ಕತ್ತು, ಬೆನ್ನು ಅಚ್ಚ ಬಿಳಿ. ಹೆಣ್ಣಿನ ಬೆನ್ನು ಬೂದು. ಹುಲ್ಲಿನ ಮೇಲೆ ನಾಲ್ಕು ಹೆಜ್ಜೆ ನಡೆದು, ತಲೆ ಓರೆ ಮಾಡಿ ನಿಲ್ಲುತ್ತದೆ. ಮಣ್ಣೊಳಗಿನ ಹುಳುವಿನ ಸದ್ದು ಕೇಳಿಸಿಕೊಳ್ಳುವುದಂತೆ. ಕೊಕ್ಕು ಇಳಿಸಿತೋ, ಬಿಳಿ ಹುಳು ಮೇಲೆ. ಹಾಡಂತೂ ಕೊಳಲಿಗೆ ಸ್ವಲ್ಪ ನೀರು ಸುರಿದು ಊದಿದ ಹಾಗೆ. ಅಷ್ಟು ಚೆಂದ ಹಾಡುವುದು ನನಗೇ ಯಾಕೆ ಬಡಿಯಬೇಕು ಅಂತ ಹೊಟ್ಟೆ ಉರಿಯುತ್ತಿತ್ತು.

ಗೂಡು ಕಟ್ಟುವುದು, ಸುಮಾರು 20 ದಿನ ಕಾವು ಕೊಡುವುದು ಎಲ್ಲಾ ಹೆಣ್ಣೇ. ಈ ಗೂಡಲ್ಲಿ ಕಡ್ಡಿಗಳ ನಡುವೆ ಬಟ್ಟೆ ನೇತುಹಾಕುವ ಹ್ಯಾಂಗರಿನ ತಂತಿಯೂ ಇತ್ತು. ಕಾವಲು ಗಂಡಿನದು. ಮರಿ ಗೂಡು ಬಿಡಲು ಇನ್ನೂ ನಾಲ್ಕು ವಾರ ಬೇಕು. ಮನುಷ್ಯರ ಮೇಲೆ ಎರಗುವುದು ಹತ್ತು ಗಂಡುಗಳಲ್ಲಿ ಒಂದು, ಅಷ್ಟೇ. ಅದು ನನ್ನ ಬೀಟ್‌ಗೇ ಬಿತ್ತು. ಕಾನೂನಿನ ರಕ್ಷಣೆ ಬೇರೆ, ಮುಟ್ಟುವಂತಿಲ್ಲ.

ಹೆಲ್ಮೆಟ್‌ಗೆ ಹನ್ನೆರಡು ಕೇಬಲ್ ಟೈ, ಅಂದರೆ ವೈರ್ ಕಟ್ಟುವ ಪ್ಲಾಸ್ಟಿಕ್ ಪಟ್ಟಿ, ಸಿಕ್ಕಿಸಿ ಮುಳ್ಳುಹಂದಿ ಆದೆ. ಜನ ನಕ್ಕರು, ಹಕ್ಕಿ ಬಿಡಲಿಲ್ಲ. ಕೊನೆಗೆ ಉಪಯೋಗಕ್ಕೆ ಬಂದದ್ದು ಬಲು ಸುಲಭದ್ದು: ಮರಕ್ಕೆ 100 ಮೀಟರ್ ಇರುವಾಗಲೇ ಇಳಿದು, ಸೈಕಲ್ ತಳ್ಳಿಕೊಂಡು, ಹಕ್ಕಿಯನ್ನೇ ನೋಡುತ್ತಾ ನಡೆಯುವುದು. ಕೈ ಬೀಸುವುದು ಬಂದ್. ದಿನಕ್ಕೆ ಐದು ನಿಮಿಷ ಜಾಸ್ತಿ ಹಿಡಿಯಿತು. ಬೀಟ್ ಕಾಗದದಲ್ಲಿ ನಾಯಿ, ಇಳಿಜಾರು, ಒಡೆದ ಫುಟ್‌ಪಾತ್ ಎಲ್ಲಾ ಬರೆದಿದ್ದರು, ಹಕ್ಕಿ ಇರಲಿಲ್ಲ. ನಾನು ರಜೆಯಲ್ಲಿದ್ದಾಗ ಬಂದ ಹುಡುಗನೂ ಅಲ್ಲೇ ಬಿದ್ದ. ಆ ಮೇಲೆ ಆ ಕಾಗದದಲ್ಲಿ ಮರದ ಜಾಗಕ್ಕೆ ಕೆಂಪು ಗುರುತು ಹಾಕಿ, ಆಗಸ್ಟ್‌ನಿಂದ ಅಕ್ಟೋಬರ್ ಅಂತ ನಾನೇ ಬರೆದೆ. ಮೊದಲ ದಿನವೇ ಬರೆಯಬೇಕಿತ್ತು.

ಅಕ್ಟೋಬರ್ ಕೊನೆಗೆ ಬೂದು ಮರಿಯೊಂದು ಕಿರುಚುತ್ತಾ ತಾಯಿಯ ಹಿಂದೆ ಓಡಾಡುತ್ತಿತ್ತು. ಗಂಡು ಒಂದು ಮನೆಯ ಕಾಗದದ ಡಬ್ಬಿ ಮೇಲೆ ಕೂತು, ಕೆಂಪು ಕಂದು ಕಣ್ಣಲ್ಲಿ ನನ್ನನ್ನೇ ನೋಡಿತು. ಆ ಮನೆಯ ಕರೆಂಟ್ ಬಿಲ್ ನನ್ನ ಕೈಯಲ್ಲಿತ್ತು. ಅದು ಹಾರಿಹೋಗುವ ತನಕ ಸುಮ್ನೆ ನಿಂತೆ.