ಬಳ್ಳಾರಿಯವನಿಗೆ ಬೆಂಗಳೂರು ಎಫ್‌ಸಿ ಯಾಕೆ?

ನೀಲಿ ಜೆರ್ಸಿ ಹಾಕಿಕೊಂಡು ನಮ್ಮ ಓಣಿಯ ಕಟಿಂಗ್ ಶಾಪಿಗೆ ಹೋದರೆ ಸಾಕು, ಕತ್ತರಿ ಶುರುವಾಗೋ ಮೊದಲು ಪ್ರಶ್ನೆ ಶುರುವಾಗುತ್ತದೆ. “ನಮ್ದು ಬಳ್ಳಾರಿ. ಆ ಬೆಂಗಳೂರು ಫುಟ್‌ಬಾಲ್ ಟೀಮಿಗೂ ನಿನಗೂ ಏನಪ್ಪಾ ಸಂಬಂಧ?” ಮದುವೆ ಮನೆಯಲ್ಲಿ ಮಾವಂದಿರೂ ಇದನ್ನೇ ಕೇಳ್ತಾರೆ. ಉತ್ತರವನ್ನೂ ಅವರೇ ಕೊಡ್ತಾರೆ: “ಓ, ಅದು ಜಿಂದಾಲ್ ಟೀಮ್ ಅಲ್ವಾ, ಅದಕ್ಕೆ.”

ಅರ್ಧ ನಿಜ. 2013ರ ಜುಲೈನಲ್ಲಿ ಬೆಂಗಳೂರು ಎಫ್‌ಸಿ ಕಟ್ಟಿದ್ದು ಜೆಎಸ್‌ಡಬ್ಲ್ಯು. ನಮ್ಮ ತೋರಣಗಲ್ಲಿನ ಉಕ್ಕಿನ ಕಾರ್ಖಾನೆಯವರೇ. ಇಲ್ಲಿ ಯಾರೂ ಜೆಎಸ್‌ಡಬ್ಲ್ಯು ಅನ್ನಲ್ಲ, ಜಿಂದಾಲ್ ಅಂತಲೇ ಅನ್ನೋದು. ಕ್ಲಬ್ಬಿನ ಹುಡುಗರು ಉಳಿದುಕೊಂಡು ಆಟ ಕಲಿಯುವ ಅಕಾಡೆಮಿ ಇದ್ದದ್ದೂ ಅಲ್ಲೇ, ಕಾರ್ಖಾನೆಯ ಟೌನ್‌ಶಿಪ್ ವಿಜಯನಗರದಲ್ಲಿ. 2018ರಲ್ಲಿ ಅವರದ್ದೇ ಕ್ರೀಡಾ ತರಬೇತಿ ಕೇಂದ್ರ ಇನ್‌ಸ್ಪೈರ್ ಇನ್‌ಸ್ಟಿಟ್ಯೂಟ್ ಆಫ್ ಸ್ಪೋರ್ಟ್ ಶುರುವಾದದ್ದೂ ಅಲ್ಲೇ. ದೊಡ್ಡ ತಂಡ ಕೂಡ ಸೀಸನ್‌ಗೆ ಮುಂಚೆ ಇಲ್ಲಿಗೆ ಬಂದು ಪ್ರಾಕ್ಟೀಸ್ ಮಾಡಿದ್ದುಂಟು. ನಮ್ಮ ಬಿಸಿಲಲ್ಲಿ ಓಡಿದವರಿಗೆ ಬೆಂಗಳೂರಿನ ಸಂಜೆ ಏನೂ ಅಲ್ಲ ಬಿಡಿ.

ಆದರೆ ಕಂಪನಿ ಪಕ್ಕದಲ್ಲಿದೆ ಅಂತ ಯಾರೂ ಟೀಮಿಗೆ ಅಂಟಿಕೊಳ್ಳಲ್ಲ. ಆ ಲೆಕ್ಕದಲ್ಲಿ ಅವರ ಸಿಮೆಂಟಿಗೂ ಜೈ ಅನ್ನಬೇಕಾಗುತ್ತದೆ.

ಬೆಂಗಳೂರಿಗೆ ಫುಟ್‌ಬಾಲ್ ಹೊಸದೇನಲ್ಲ. ಬ್ಯಾಂಗಲೋರ್ ಮುಸ್ಲಿಮ್ಸ್ ಅನ್ನೋ ತಂಡ 1937ರಲ್ಲೇ ಆಗಿನ ದೊಡ್ಡ ಟೂರ್ನಿ ರೋವರ್ಸ್ ಕಪ್ ಗೆದ್ದಿತ್ತು. ಆಮೇಲೆ ಎಚ್‌ಎಎಲ್, ಐಟಿಐ ತಂಡಗಳಿದ್ದವು. ಅದೆಲ್ಲ ಮಂಕಾದ ಮೇಲೆ ಬಂದ ತಂಡ ಇದು. ಕೆಳಗಿನ ಲೀಗುಗಳಿಂದ ಏರಿ ಬರಲಿಲ್ಲ, ಆಗ ದೇಶದ ದೊಡ್ಡ ಲೀಗ್ ಆಗಿದ್ದ ಐ-ಲೀಗ್‌ಗೇ ನೇರ ಬಂತು. ‘ದುಡ್ಡಿನ ಟೀಮ್’ ಅಂತ ಮೂಗು ಮುರಿದವರು ಬಹಳ ಜನ. ಕೋಚ್ ಆಶ್ಲಿ ವೆಸ್ಟ್‌ವುಡ್, ಕ್ಯಾಪ್ಟನ್ ಸುನಿಲ್ ಛೇತ್ರಿ. ಮೊದಲ ಸೀಸನ್‌ನಲ್ಲೇ ಲೀಗ್ ಗೆದ್ದುಬಿಟ್ಟರು. ಆರ್‌ಸಿಬಿ ಕಪ್ಪಿಗಾಗಿ 18 ಸೀಸನ್ ಕಾದ ಊರಲ್ಲಿ ಇದೊಂದು ಥರ ಅಪರಾಧವೇ ಅನ್ನಿ.

ಅಷ್ಟಾದರೂ ನಾನಿನ್ನೂ ಸುಮ್ನೆ ಸ್ಕೋರ್ ನೋಡುವವನಾಗಿದ್ದೆ. ಅಂಟಿದ್ದು 2015ರ ಮೇ 31ಕ್ಕೆ. ಭಾನುವಾರ, ಲೀಗಿನ ಕೊನೆಯ ಮ್ಯಾಚ್, ಕಂಠೀರವದಲ್ಲಿ ಮೋಹನ್ ಬಾಗಾನ್ ಎದುರು. ಅವರಿಗೆ ಡ್ರಾ ಆದರೂ ಸಾಕು, ನಮಗೆ ಗೆಲ್ಲಲೇಬೇಕು. ಗೆಳೆಯನ ಬಲವಂತಕ್ಕೆ ಹೋಗಿದ್ದೆ. ಸ್ಟೇಡಿಯಮ್ಮಿನ ವೆಸ್ಟ್ ಬ್ಲಾಕ್ ಗ್ಯಾಲರಿ ಕಡೆ ನೀಲಿ ಜೆರ್ಸಿಯ ಅಭಿಮಾನಿಗಳು ಕೂರೋದೇ ಇಲ್ಲ, ಪೂರ್ತಿ ಮ್ಯಾಚ್ ನಿಂತೇ ಹಾಡ್ತಾರೆ. ಜಾನ್ ಜಾನ್ಸನ್ ಗೋಲು ಹೊಡೆದಾಗ ಪಕ್ಕದಲ್ಲಿದ್ದ ಗುರುತಿಲ್ಲದವನು ನನ್ನನ್ನು ಎತ್ತಿಯೇಬಿಟ್ಟ. 87ನೇ ನಿಮಿಷದಲ್ಲಿ ಅವರಿಗೊಂದು ಕಾರ್ನರ್. ಬೆಲ್ಲೊ ರಜಾಕ್ ತಲೆ ಕೊಟ್ಟ. 1-1. ಕಪ್ ಕೋಲ್ಕತ್ತಕ್ಕೆ.

ರಾತ್ರಿ ಹಂಪಿ ಎಕ್ಸ್‌ಪ್ರೆಸ್‌ನಲ್ಲಿ ಕೆಳಗಿನ ಬರ್ತಿನ ಹಿರಿಯರು ಜೆರ್ಸಿ ನೋಡಿ, “ಮ್ಯಾಚ್ ಏನಾಯ್ತಪ್ಪಾ?” ಅಂದರು. ಡ್ರಾ ಅಂದೆ. “ಸೋತಿಲ್ವಲ್ಲ ಮತ್ತೆ, ಯಾಕೆ ಮುಖ ಹಂಗಾಗೈತಿ?” ನನ್ನ ಹತ್ತಿರ ಉತ್ತರ ಇರಲಿಲ್ಲ. ಬಳ್ಳಾರಿ ಬರೋವರೆಗೂ ನಿದ್ದೆಯೂ ಇರಲಿಲ್ಲ. ಮಾವಂದಿರ ಪ್ರಶ್ನೆಗೆ ನನ್ನ ಉತ್ತರ ಆ ನಿದ್ದೆಗೆಟ್ಟ ರಾತ್ರಿಯೇ.

ಮುಂದಿನ ವರ್ಷ ಲೀಗ್ ವಾಪಸ್ ಬಂತು. ಆದರೆ 2016ರಲ್ಲಿ ನನಗೆ ಅದಕ್ಕಿಂತ ದೊಡ್ಡದು ಎಎಫ್‌ಸಿ ಕಪ್ ಸೆಮಿಫೈನಲ್. ಎದುರಿಗೆ ಹಿಂದಿನ ವರ್ಷದ ಚಾಂಪಿಯನ್, ಮಲೇಷ್ಯಾದ ಜೊಹೋರ್ ಕ್ಲಬ್. ಕಂಠೀರವದಲ್ಲಿ ಮೊದಲ ಗೋಲು ಅವರದ್ದೇ. ಛೇತ್ರಿ ಹೆಡ್ ಮಾಡಿ ಸಮ ಮಾಡಿದ. ಆಮೇಲೆ ದೂರದಿಂದ ಒಂದು ಹೊಡೆದ ನೋಡಿ, ಗೋಲ್‌ಕೀಪರ್ ಹಾರಿದ್ದಷ್ಟೇ ಬಂತು. 3-1. ಏಷ್ಯಾದ ಈ ಕಪ್ಪಿನ ಫೈನಲ್ ಮುಟ್ಟಿದ ಮೊದಲ ಭಾರತೀಯ ಕ್ಲಬ್. ದೋಹಾದಲ್ಲಿ ಇರಾಕಿನ ಏರ್ ಫೋರ್ಸ್ ತಂಡಕ್ಕೆ 1-0ಯಿಂದ ಸೋತರು, ಅದು ಬೇರೆ ಮಾತು.

2017ರಲ್ಲಿ ಐ-ಲೀಗ್ ಬಿಟ್ಟು ಇಂಡಿಯನ್ ಸೂಪರ್ ಲೀಗ್‌ಗೆ, ಅಂದರೆ ಐಎಸ್‌ಎಲ್‌ಗೆ ಬಂದರು. ಮೊದಲ ಸೀಸನ್‌ನಲ್ಲೇ ಫೈನಲ್, ಅದೂ ಕಂಠೀರವದಲ್ಲಿ. ಛೇತ್ರಿ 9ನೇ ನಿಮಿಷಕ್ಕೇ ಗೋಲು ಹೊಡೆದ. ಚೆನ್ನೈಯಿನ್‌ನ ಮೈಲ್‌ಸನ್ ಎರಡು ಕಾರ್ನರ್‌ಗೆ ಎರಡು ಸಲ ತಲೆ ಕೊಟ್ಟ. 3-2ರಿಂದ ಸೋಲು. ಅವತ್ತಿನಿಂದ ಕಾರ್ನರ್ ಅಂದರೆ ನಾನು ಟಿವಿ ಬಿಟ್ಟು ಅಡುಗೆಮನೆಗೆ ಹೋಗ್ತೀನಿ, ನೀರು ಕುಡಿಯೋ ನೆಪ. 2022ರಲ್ಲಿ ಡುರಾಂಡ್ ಕಪ್ ಬಂತು. 2023ರ ಐಎಸ್‌ಎಲ್ ಫೈನಲ್ ಪೆನಾಲ್ಟಿಯಲ್ಲಿ ಹೋಯಿತು, 2025ರದ್ದು ಎಕ್ಸ್‌ಟ್ರಾ ಟೈಮ್‌ನಲ್ಲಿ. ಎರಡೂ ಸಲ ಅದೇ ಬಾಗಾನ್, ಕೇಳಬೇಡಿ.

ನಡುವೆ 2019ರ ಮಾರ್ಚ್ 17 ಇದೆ. ಮುಂಬೈನಲ್ಲಿ ಐಎಸ್‌ಎಲ್ ಫೈನಲ್, ಎದುರಿಗೆ ಗೋವಾ. 90 ನಿಮಿಷ ಮುಗಿದರೂ 0-0. 117ನೇ ನಿಮಿಷಕ್ಕೆ ನಮಗೆ ಕಾರ್ನರ್ ಸಿಕ್ಕಿತು. ಅಭ್ಯಾಸಬಲ, ನಾನು ಎದ್ದು ಅಡುಗೆಮನೆ ಬಾಗಿಲಿಗೆ ಬಂದಿದ್ದೆ. ಡಿಮಾಸ್ ಹಾಕಿದ, ರಾಹುಲ್ ಭೆಕೆ ತಲೆ ಕೊಟ್ಟ, ಚೆಂಡು ಒಳಗೆ. ನಾನು ಕಿರುಚಿದ್ದಕ್ಕೆ ಅಮ್ಮ ನಿದ್ದೆಗಣ್ಣಲ್ಲೇ ಓಡಿ ಬಂದು, “ಹಲ್ಲಿ ಬಿತ್ತೇನೋ ಮೈಮೇಲೆ?” ಅಂದರು.

ಮರುದಿನ ಕಟಿಂಗ್ ಶಾಪಿನ ಮುಂದೆ ಹಾದುಹೋಗುವಾಗ ಒಳಗಿಂದ ಕೂಗು ಬಂತು: “ಗೆದ್ದಿತಂತಲ್ಲಪ್ಪೋ, ನಿಮ್ಮ ಜಿಂದಾಲ್ ಟೀಮು!”