ದೊಡ್ಡ ಹಡಗು ಕಾಣುತ್ತದೆ, ಸಣ್ಣ ದೋಣಿ?

ಶಿರಾಡಿ ಘಾಟಿ ಹತ್ತಿ ಹಾಸನದ ಮಾರುಕಟ್ಟೆಗೆ ಬರುವ ಬಂಗುಡೆ, ಬೂತಾಯಿಗಳನ್ನು ಹಿಡಿದ ದೋಣಿಗಳು ರಾತ್ರಿಯ ಕಡಲಿನಲ್ಲಿ ಯಾರ ಕಣ್ಣಿಗೆ ಬೀಳುತ್ತವೆ ಎಂಬ ಪ್ರಶ್ನೆ ನನ್ನನ್ನು ಬಹಳ ಕಾಲದಿಂದ ಕಾಡುತ್ತಿದೆ.

ದೊಡ್ಡ ಹಡಗುಗಳ ಮಟ್ಟಿಗೆ ಉತ್ತರ ಸ್ಪಷ್ಟವಾಗಿದೆ. ಅಂತರರಾಷ್ಟ್ರೀಯ ಯಾನ ಮಾಡುವ, 300 ಮತ್ತು ಅದಕ್ಕೆ ಮೇಲ್ಪಟ್ಟ ಗ್ರಾಸ್ ಟನೇಜ್‌ನ (ಹಡಗಿನ ಒಟ್ಟು ಒಳಗಾತ್ರದ ಅಳತೆ) ಹಡಗುಗಳಲ್ಲಿ ಎಐಎಸ್ ಎಂಬ ಸ್ವಯಂಚಾಲಿತ ಗುರುತಿನ ಉಪಕರಣ ಇರಲೇಬೇಕೆಂಬ ನಿಯಮ 2004ರ ಕೊನೆಯ ಹೊತ್ತಿಗೆ ಪೂರ್ಣವಾಗಿ ಜಾರಿಗೆ ಬಂದಿತು. ಹಡಗಿನ ಒಂಬತ್ತು ಅಂಕಿಗಳ ಗುರುತಿನ ಸಂಖ್ಯೆ, ಅದಿರುವ ಸ್ಥಳ, ವೇಗ ಮತ್ತು ದಿಕ್ಕನ್ನು ಈ ಉಪಕರಣವು ವಿಎಚ್‌ಎಫ್ ರೇಡಿಯೊ ಮೂಲಕ ತಾನೇ ಸಾರುತ್ತಿರುತ್ತದೆ. ಚಲಿಸುವಾಗ ವೇಗಕ್ಕೆ ತಕ್ಕಂತೆ ಎರಡರಿಂದ ಹತ್ತು ಸೆಕೆಂಡಿಗೊಮ್ಮೆ, ಲಂಗರು ಹಾಕಿದಾಗ ಮೂರು ನಿಮಿಷಕ್ಕೊಮ್ಮೆ. ಒಂದೊಂದು ಚಾನೆಲ್‌ನ ಪ್ರತಿ ನಿಮಿಷವನ್ನು 2250 ತುಣುಕುಗಳಾಗಿ ಹಂಚಲಾಗಿದೆ. ಯಾವ ಕೇಂದ್ರದ ಅಪ್ಪಣೆಗೂ ಕಾಯದೆ, ಪ್ರತಿಯೊಂದು ಹಡಗು ಸುತ್ತಲಿನ ಹಡಗುಗಳ ಸಂದೇಶಗಳನ್ನು ಆಲಿಸಿ, ಖಾಲಿಯಿರುವ ತುಣುಕನ್ನು ತನಗಾಗಿ ಆರಿಸಿಕೊಂಡು, ಮುಂದೆ ಯಾವ ತುಣುಕಿನಲ್ಲಿ ಮಾತನಾಡುವೆನೆಂಬುದನ್ನೂ ಮೊದಲೇ ತಿಳಿಸುತ್ತದೆ. ಈ ಏರ್ಪಾಡಿನ ಸೊಗಸಿಗೆ ನಾನು ಇಂದಿಗೂ ಬೆರಗಾಗುತ್ತೇನೆ. ನವಮಂಗಳೂರು ಬಂದರಿನ ಹೊರಗೆ ನಿಂತ ಹಡಗುಗಳನ್ನು ಹಾಸನದಲ್ಲಿ ಕುಳಿತ ಯಾರಾದರೂ ಅಂತರ್ಜಾಲದ ನಕಾಶೆಯಲ್ಲಿ ನೋಡಬಹುದಾಗಿರುವುದೂ ಇದರಿಂದಲೇ.

ಆದರೆ ಎಐಎಸ್ ತೋರಿಸುವುದು ಎಐಎಸ್ ಇರುವವರನ್ನು ಮಾತ್ರ. ನಮ್ಮ ದೇಶದಲ್ಲಿ 20 ಮೀಟರಿಗಿಂತ ಉದ್ದದ ಮೀನುಗಾರಿಕಾ ದೋಣಿಗಳಿಗೆ ಇದು ಕಡ್ಡಾಯ. ಬಹುಪಾಲು ದೋಣಿಗಳು ಅದಕ್ಕಿಂತ ಚಿಕ್ಕವು. ಅಲೆಗಳ ನಡುವಿನ ಮರದ ಅಥವಾ ಫೈಬರ್ ದೋಣಿ ರೇಡಾರಿನಲ್ಲಿಯೂ ಸರಿಯಾಗಿ ಮೂಡುವುದಿಲ್ಲ. 2018ರ ಡಿಸೆಂಬರಿನಲ್ಲಿ ಮಲ್ಪೆಯಿಂದ ಹೊರಟ ‘ಸುವರ್ಣ ತ್ರಿಭುಜ’ ದೋಣಿ ಏಳು ಮೀನುಗಾರರೊಂದಿಗೆ ಕಾಣೆಯಾದಾಗ ಅದರ ಅವಶೇಷ ಮಹಾರಾಷ್ಟ್ರದ ಮಾಲವಣದ ಬಳಿ ಸಿಕ್ಕಿದ್ದು ಮರುವರ್ಷದ ಮೇ ತಿಂಗಳಿನಲ್ಲಿ. ಅಷ್ಟು ತಿಂಗಳು ಆ ಮನೆಗಳವರು ದಿನ ಕಳೆದದ್ದು ಹೇಗೆಂದು ನೆನೆದರೆ ಮನಸ್ಸು ಕಲಕುತ್ತದೆ.

ಇದಕ್ಕೆ ಪರಿಹಾರವಾಗಿ ಇಸ್ರೊ ರೂಪಿಸಿದ ಟ್ರಾನ್ಸ್‌ಪಾಂಡರುಗಳನ್ನು (ಉಪಗ್ರಹದ ಮೂಲಕ ಸಂದೇಶ ಕಳುಹಿಸುವ, ಪಡೆಯುವ ಉಪಕರಣಗಳು) ಒಂದು ಲಕ್ಷ ದೋಣಿಗಳಿಗೆ ಅಳವಡಿಸುವ ಯೋಜನೆಯನ್ನು ಕೇಂದ್ರ ಸರ್ಕಾರ ಕೈಗೊಂಡಿದೆ. ಮೊಬೈಲ್ ಸಿಗ್ನಲ್ ಮುಗಿದ ಮೇಲೂ ಮೀನುಗಾರರು ಇದರಿಂದ ಉಪಗ್ರಹದ ಮೂಲಕ ದಡಕ್ಕೆ ಚುಟುಕು ಸಂದೇಶ ಕಳುಹಿಸಬಹುದು, ಚಂಡಮಾರುತದ ಎಚ್ಚರಿಕೆಯನ್ನು ಪಡೆಯಬಹುದು. ಇಸ್ರೊದ ಭೂಸ್ಥಿರ ಉಪಗ್ರಹಗಳನ್ನು ಅವುಗಳ ಸ್ಥಾನದಲ್ಲಿ ಕಾಯುವ ಕೆಲಸ ನಡೆಯುವುದು ನಮ್ಮ ಹಾಸನದ ಸಾಲಗಾಮೆ ರಸ್ತೆಯ ಎಂಸಿಎಫ್ ಎಂಬ ಉಪಗ್ರಹ ನಿಯಂತ್ರಣ ಕೇಂದ್ರದಲ್ಲಿ, 1982ರಿಂದ. ಕಡಲೇ ಇಲ್ಲದ ಜಿಲ್ಲೆಯವನಾದ ನನಗೆ ಇದು ಹೆಮ್ಮೆಯ ವಿಷಯ.

ಆದರೂ ಒಂದು ಕೊರತೆ ಉಳಿಯುತ್ತದೆ. ಈ ಟ್ರಾನ್ಸ್‌ಪಾಂಡರ್ ಮಾತನಾಡುವುದು ದಡದೊಂದಿಗೆ. ಎದುರಿಗೆ ಬರುತ್ತಿರುವ ಹಡಗಿನೊಂದಿಗಲ್ಲ. 2021ರ ಏಪ್ರಿಲಿನಲ್ಲಿ ಮಂಗಳೂರಿನಾಚೆ ನಡುರಾತ್ರಿ ಕಳೆದ ಮೇಲೆ ಸರಕು ಹಡಗು ಮತ್ತು ಮೀನುಗಾರಿಕಾ ದೋಣಿ ಡಿಕ್ಕಿಯಾದಾಗ ದೋಣಿಯಲ್ಲಿದ್ದ 14 ಮಂದಿಯ ಪೈಕಿ ಜೀವಂತವಾಗಿ ಸಿಕ್ಕವರು ಇಬ್ಬರೇ. ಅಂಥ ಗಳಿಗೆಯಲ್ಲಿ ಹಡಗಿನ ಚಾಲನಾ ಕೊಠಡಿಯ ಪರದೆಯ ಮೇಲೆ ದೋಣಿ ಮೂಡಬೇಕಾದರೆ ಎಐಎಸ್ಸೇ ಬೇಕು. ಎರಡು ವಾಟ್ ಶಕ್ತಿಯ ‘ಬಿ’ ದರ್ಜೆಯ ಉಪಕರಣಗಳು ಸಣ್ಣ ದೋಣಿಗಳಿಗೆಂದೇ ಇವೆ. ಆಳಸಮುದ್ರಕ್ಕೆ ಹೋಗುವ ಪ್ರತಿ ದೋಣಿಗೂ, ಅದರ ಉದ್ದವನ್ನು ಅಳೆಯದೆ, ಅವನ್ನೂ ಸರ್ಕಾರವೇ ಕೊಡಬೇಕೆಂಬುದು ನನ್ನ ಒತ್ತಾಯ.